ಕತ್ತರಿ ಮುಟ್ಟದ ಕೌದಿ

ಚಿಕ್ಕೋಡಿ
೩೦ ಡಿಸೆಂಬರ್ ೨೦೨೪

ಚಿ. ಸೌ. ಸಕ್ಕುಬಾಯಿಗೆ ಮುರಗೆಪ್ಪನ ಆಶೀರ್ವಾದಗಳು.

ಮೊದಲು ಕ್ಷಮೆ ಕೇಳಿ ಅನಂತರ ವಿಷಯಕ್ಕೆ ಬರುತ್ತೇನೆ. ನನ್ನ ಮೊಮ್ಮಗಳು ಮೇಘಾಳ ಹೆರಿಗೆ ಮಾರ್ಚ್ ೧೪ಕ್ಕೆ ಎಂದು ಕಳೆದ ಪತ್ರದಲ್ಲಿ ಬರೆದಿದ್ದೆ. ಅದು ತಪ್ಪು. ವೈದ್ಯೆ ಹೇಳಿದ್ದು ಫೆಬ್ರುವರಿ ೧೪. ತೊಟ್ಟಿಲ ಕಾರ್ಯಕ್ಕೆ ನೀನು ಮಾರ್ಚ್ ೨೬ ಎಂದು ಎಣಿಸಿಕೊಂಡಿರಬೇಕು. ಅದನ್ನು ಫೆಬ್ರುವರಿ ೨೬ ಎಂದು ಓದಿಕೋ. ಮಕ್ಕಳ ಬರಹದಲ್ಲಿ ತಪ್ಪು ಹುಡುಕುವುದೇ ಉದ್ಯೋಗವಾಗಿದ್ದ ನನಗೆ ನನ್ನದೇ ಪತ್ರದ ತಪ್ಪು ಕಾಣದೆ ಹೋಯಿತು. ನಮ್ಮ ಬಳಿ ಇದೆಯೆಂದುಕೊಂಡಿದ್ದ ಒಂದು ತಿಂಗಳು ಇಲ್ಲವೆಂದಾಯಿತು. ದೂರವಾಣಿಯಲ್ಲಿ ಹೇಳೋಣವೆಂದರೆ ನಿನಗೆ ಅದರಲ್ಲಿ ಕಿವಿ ಕೇಳಿಸುವುದಿಲ್ಲ.

ನಿನ್ನ ಮಗ ಭರತನ ಕೈಯಲ್ಲಿ ಕೌದಿಯ ಗಂಟನ್ನು ಕಳುಹಿಸಿದ್ದೇನೆ. ಇದರ ಮೇಲುಬಟ್ಟೆ ಯಾರದೆಂಬುದನ್ನು ನಿನಗೆ ಹೇಳಬೇಕಾದ್ದಿಲ್ಲ. ಆದರೂ ಬರೆಯುತ್ತೇನೆ, ಏಕೆಂದರೆ ಇದು ಕೆಟ್ಟರೆ ಇನ್ನೊಂದಿಲ್ಲ. ಮೂರು ವರ್ಷದ ಹಿಂದೆ ಮೇಘಾ ಮೊದಲ ಸಲ ಬಸುರಿಯಾದಾಗ ನಿನ್ನ ಅಕ್ಕ ಚಂಪಾ ತನ್ನ ಚಂದ್ರಕಾಳಿ ಸೀರೆಗಳನ್ನು ಹರಿದು ಈ ಕರಿಯ ತುಂಡುಗಳನ್ನು ಕೂಡಿಸಿದಳು. ಆ ಕೂಸು ಉಳಿಯಲಿಲ್ಲವೆಂದು ತಿಳಿದ ದಿನ, ಸೂಜಿಯನ್ನು ಚುಚ್ಚಿದಲ್ಲಿಯೇ ಬಿಟ್ಟು ಮಡಚಿ ಪೆಟ್ಟಿಗೆಗೆ ಹಾಕಿದಳು. ಮರುವರ್ಷ ಅವಳೇ ಹೋದಳು.

ಒಳಗೆ ನಾಲ್ಕು ಸೀರೆ ಹಾಕಿ ಕೈಯಲ್ಲಿ ಹೊಲಿಯುವುದೇ ನಮ್ಮ ಕಡೆಯ ಕೌದಿ ಎಂದು ನೀನು ಹೇಳುವೆ. ಮೇಘಾ ಒಪ್ಪಲಿಲ್ಲ. “ಅಜ್ಜಾ, ನಾಕ ಸೀರಿ ಹಾಕಿದ್ರ ಕೂಸಿನ ಮ್ಯಾಲ ಹೊಲಾ ಹೊಚ್ಚಿದಂಗ ಆಗತೈತಿ. ಹಗರ ಇರ್ಲಿ, ಮೆತ್ತಗ ಇರ್ಲಿ,” ಎಂದಳು. ಆದ್ದರಿಂದ ನಿಪ್ಪಾಣಿಯಿಂದ ಬಿಳಿಯ ಹಾಸೊಂದನ್ನು ತರಿಸಿದೆ. ಅಂಗಡಿಯವನು ಅದನ್ನು ಫೈಬರ್ ಶೀಟ್ ಎಂದ. ನಾನು ನಾರಿನ ಹಾಸು ಎನ್ನುತ್ತೇನೆ. ಅದನ್ನು ಚಂಪಾಳ ಬಟ್ಟೆಯ ಕೆಳಗಿಟ್ಟು, ಅಡಿಗೊಂದು ಹತ್ತಿಯ ಬಟ್ಟೆ ಕೊಟ್ಟು, ಅವಳದೇ ಹೊಲಿಗೆಯಂತ್ರದಲ್ಲಿ ಮೇಲಿನ ಅರ್ಧ ಹೊಲಿದು ಮುಗಿಸಿದ್ದೇನೆ. ಹೊಲಿದಲ್ಲೆಲ್ಲ ಬಿಳಿಯ ಎಳೆಗಳು ಸೀರೆಯ ಮೂಲಕ ಹೊರಗೆ ಇಣುಕುತ್ತಿವೆ. ಕರಿಯ ಬಟ್ಟೆಯಾದ್ದರಿಂದ ಒಂದೊಂದೂ ಕಾಣುತ್ತದೆ. ನಾನು ಕಂಡವನ್ನೆಲ್ಲ ಕಿತ್ತಿದ್ದೇನೆ. ಉಳಿದವನ್ನು ನೀನು ಕಿತ್ತು, ಈ ಅರ್ಧದ ಅಂಚನ್ನು ಕೈಯಲ್ಲಿ ಹೊಲಿಯಲು ಆರಂಭಿಸು. ಜನವರಿ ೧೦ರೊಳಗೆ ಕೌದಿ ಮುಗಿಯುವುದು.

ಕತ್ತರಿಯ ವಿಷಯ ನಿನಗೆ ತಿಳಿದೇ ಇದೆ. ಬೆರಳಿನಿಂದಲೇ ಕೀಳಬೇಕು. ಈ ಕೌದಿಗೆ ಎಂದೆಂದಿಗೂ ಕತ್ತರಿ ಮುಟ್ಟದು.

ಇತಿ,
ಮುರಗೆಪ್ಪ

———

ಜುಗೂಳ
೫ ಜನವರಿ ೨೦೨೫

ಅಕ್ಕನ ಯಜಮಾನರಾದ ಪೂಜ್ಯ ದಾಜಿಯವರಿಗೆ ಸಕ್ಕುಬಾಯಿಯ ನಮಸ್ಕಾರಗಳು.

ಕೌದಿ ತಲುಪಿತು. ಬಿಚ್ಚಿ ಹಾಸಿದ ಕೂಡಲೇ ಭರತ ನಕ್ಕ. “ಯವ್ವಾ, ಕರೇ ಎಮ್ಮೀ ಮ್ಯಾಲ ಬೆಳ್ಳಕ್ಕಿ ಕುಂತಂಗ ಐತಲ್ಲ ಬೇ,” ಎಂದ. ಅವನನ್ನು ಗದರಿಸಿದೆ. ಗದರಿಸಿದ ಮೇಲೆ ನೋಡಿದರೆ ಅವನು ಹೇಳಿದ್ದು ಸುಳ್ಳಾಗಿರಲಿಲ್ಲ.

ಬಿಸಿಲಿಗೆ ಕುಳಿತು ಇಡೀ ಹಗಲು ಕಿತ್ತೆ. ಸಂಜೆಗೆ ಕೌದಿ ಕರ್ರಗೆ ಕಾಣಿಸಿತು, ಸಮಾಧಾನವಾಯಿತು. ಮರುದಿನ ಝಾಡಿಸಿ ನೋಡಿದರೆ ಕಿತ್ತಲ್ಲೆಲ್ಲ ಹೊಸ ಎಳೆ ಬಂದಿವೆ, ಮೊದಲಿಗಿಂತ ಉದ್ದವಾಗಿ. ಒಂದನ್ನು ಹಿಡಿದು ಎಳೆದರೆ ಅದು ತನ್ನ ಹಿಂದಿನದನ್ನು ಕರೆದುಕೊಂಡೇ ಬರುತ್ತದೆ. ದಾಜಿಯವರೇ, ನೀವು ಯಾವ ಸೂಜಿಯಿಂದ ಹೊಲಿದಿರಿ? ನಿಮ್ಮ ಹೊಲಿಗೆಯ ತೂತುಗಳಲ್ಲಿ ಜೋಳದ ಕಾಳು ಹಿಡಿದೀತು. ಅಕ್ಕನ ಸೀರೆ ಉಟ್ಟು ಉಟ್ಟು ಸವೆದದ್ದು. ಅದು ದಪ್ಪ ಸೂಜಿ ತಾಳುವ ಬಟ್ಟೆಯಲ್ಲ.

ಅಂಚಿನ ಹೊಲಿಗೆ ಈ ಸಲ ನನ್ನಿಂದಾಗದು. ಕೌದಿಯನ್ನು ಭರತನ ಕೈಯಲ್ಲೇ ಹಿಂದಕ್ಕೆ ಕಳುಹಿಸಿದ್ದೇನೆ. ದ್ರಾಕ್ಷಿಯ ತೋಟದಲ್ಲಿ ಆಳುಗಳಿದ್ದಾರೆ, ಅಡುಗೆ ನನ್ನ ಮೇಲಿದೆ. ಯಂತ್ರದಲ್ಲಿ ಅರ್ಧ ಹೊಲಿದವರು ಅಂಚನ್ನೂ ಯಂತ್ರದಲ್ಲೇ ಹೊಲಿದುಬಿಡಿ. ಒಂದು ಮೂಲೆಯನ್ನು ಮಾತ್ರ ತೆರೆದಿಡಿ. ಕೌದಿಯ ಹೊಟ್ಟೆ ಬರಿದಿರಬಾರದು. ತೊಟ್ಟಿಲ ದಿನ ನಾನೇ ಬಂದು ಒಂದು ಹಿಡಿ ಜೋಳ ಹಾಕಿ ಮುಚ್ಚುತ್ತೇನೆ.

ಕತ್ತರಿ ಮುಟ್ಟಿಸಿಲ್ಲ. ಆ ಚಿಂತೆ ನಿಮಗೆ ಬೇಡ.

ನಿಮ್ಮ,
ಸಕ್ಕುಬಾಯಿ

———

ಚಿಕ್ಕೋಡಿ
೧೧ ಜನವರಿ ೨೦೨೫

ಚಿ. ಸೌ. ಸಕ್ಕುಬಾಯಿಗೆ ಆಶೀರ್ವಾದಗಳು.

ಹೌದು, ಸೂಜಿ ದಪ್ಪವಿತ್ತು. ಹದಿನೆಂಟನೆಯ ಸಂಖ್ಯೆಯದು. ಶಾಲೆಯ ಮಕ್ಕಳ ಚೀಲ ಹೊಲಿಯಲು ಚಂಪಾ ಹಾಕಿಟ್ಟಿದ್ದುದನ್ನು ನಾನು ಬದಲಿಸಿರಲಿಲ್ಲ. ಅದರ ಮೊನೆ ಮೊಂಡಾಗಿತ್ತು. ಅದು ಬಟ್ಟೆಯನ್ನು ಚುಚ್ಚಿದ್ದಕ್ಕಿಂತ ಹೆಚ್ಚಾಗಿ ನಾರನ್ನು ಗುದ್ದಿ ಹೊರಗೆ ತಳ್ಳಿದೆ. ಈಗ ಹನ್ನೊಂದನೆಯ ಸಂಖ್ಯೆಯ ಹೊಸ ಸೂಜಿ ಹಾಕಿದ್ದೇನೆ. ಕೆಳಗಿನ ದಾರ ಬಿಗಿಯಾಗಿದ್ದುದನ್ನು ಸಡಿಲಿಸಿದ್ದೇನೆ.

ಕೌದಿಯನ್ನು ಮುಟ್ಟದೆ, ಹಳೆಯ ಬಟ್ಟೆಯ ಚೂರುಗಳ ಮೇಲೆ ಹೊಲಿದು ನೋಡುತ್ತಿದ್ದೇನೆ. ಇನ್ನೊಂದು ತಪ್ಪೂ ಸಿಕ್ಕಿತು. ಆ ನಾರಿನ ಹಾಸಿನಲ್ಲಿ ಎರಡು ಮೈಗಳಿವೆ. ಒಂದು ಇಸ್ತ್ರಿ ಮಾಡಿದಂತೆ ನಯ, ಇನ್ನೊಂದು ಉಣ್ಣೆಯಂತೆ ಒರಟು. ನಯವಾದ ಮೈ ಮೇಲಿರಬೇಕಿತ್ತು. ನಾನು ಒರಟು ಮೈಯನ್ನು ಚಂಪಾಳ ಬಟ್ಟೆಗೆ ತಾಗಿಸಿ ಹಾಸಿದ್ದೇನೆ. ಅಂಗಡಿಯವನು ಹೇಳಲಿಲ್ಲ, ನಾನು ಕೇಳಲಿಲ್ಲ.

ತಿಳಿದು ಏನು ಬಂತು? ಹೊಲಿದ ಅರ್ಧವನ್ನು ಬಿಚ್ಚಿ ಮತ್ತೆ ಹೊಲಿಯೋಣವೆಂದು ಒಂದು ಸಾಲಿನ ದಾರವನ್ನು ಸೂಜಿಯ ಮೊನೆಯಿಂದ ಎತ್ತಿದೆ. ದಾರದೊಡನೆ ಸೀರೆಯ ಎಳೆಯೂ ಬಂತು. ತೂತು ಸೀಳಾಗತೊಡಗಿತು. ಅಲ್ಲಿಗೇ ನಿಲ್ಲಿಸಿದೆ. ಆ ಅರ್ಧ ಇನ್ನು ಹೇಗಿದೆಯೋ ಹಾಗೆಯೇ. ಬಿಚ್ಚುವಂತಿಲ್ಲ. ಕಿತ್ತರೆ ಬೆಳೆಯುತ್ತದೆ. ಕೀಳದೆ ಬಿಟ್ಟರೆ ನನ್ನ ಸೊಸೆ ಉಜ್ವಲಾ ಸುಮ್ಮನಿರುವುದಿಲ್ಲ: “ಮಾಮಾ, ಕೌದಿಗೆ ಗಡ್ಡ ಬಂದೈತಿ ನೋಡ್ರಿ. ನಿಮ್ಮಕಿಂತ ಬೆಳ್ಳಗ!” ಎನ್ನುತ್ತಾಳೆ. ಮೇಘಾ ಹಾಸಿಗೆಯಲ್ಲಿ ಮಲಗಿಕೊಂಡೇ ತಾಯಿಯ ಮಾತಿಗೆ ಒಗ್ಗರಣೆ ಹಾಕುತ್ತಾಳೆ: “ಕೂಸ ಹುಟ್ಟೂದರಾಗ ಕುರಿ ಆಗತೈತಿ ಬಿಡವ್ವ.” ಅವರಿಗೆ ನಗೆ. ನಾನು ಊಟದ ನಡುವೆಯೂ ಎದ್ದು ಹೋಗಿ ಕೌದಿಯನ್ನು ನೋಡಿ ಬರುತ್ತೇನೆ.

ಈಗ ನಿನ್ನ ವಿಷಯ. ಯಂತ್ರ ನಿನಗೆ ಹಿಡಿಸಲಿಲ್ಲವೆಂದು ನನಗೆ ಅರ್ಥವಾಗಿದೆ. ಆ ಸಿಟ್ಟನ್ನು ಚಂಪಾಳ ಕೌದಿಯ ಅಂಚಿನ ಮೇಲೆ ತೀರಿಸಿಕೊಳ್ಳಬಾರದಿತ್ತು. ನಿನ್ನ ಅಕ್ಕ ಜ್ವರದಲ್ಲಿ ಕುಳಿತು ನಿನ್ನ ಭರತನ ಕೌದಿಯ ಅಂಚನ್ನು ಹೊಲಿದು ಕೊಟ್ಟವಳು. ಅವಳು ದ್ರಾಕ್ಷಿಯ ನೆಪ ಹೇಳಲಿಲ್ಲ.

ಇತಿ,
ಮುರಗೆಪ್ಪ

———

ಜುಗೂಳ
೧೯ ಜನವರಿ ೨೦೨೫

ದಾಜಿಯವರಿಗೆ ನಮಸ್ಕಾರಗಳು.

ನಿಮ್ಮ ಪತ್ರ ಓದಿದೆ.

ಉಳಿದ ಅರ್ಧವನ್ನಾದರೂ ಸರಿಯಾಗಿ ಹೊಲಿಯಿರಿ. ನಾರಿಗೂ ಸೀರೆಗೂ ನಡುವೆ ಒಂದು ಒತ್ತು ನೇಯ್ಗೆಯ ತೆಳುಬಟ್ಟೆ ಕೊಡಿ, ಕರಿಯದೇ ಇರಲಿ. ಅದರ ಕಣ್ಣು ಸಣ್ಣದಿದ್ದರೆ ಎಳೆ ದಾಟದು. ಹುಡುಕಿಕೊಂಡು ಅಂಗಡಿಗೆ ಹೋಗಬೇಡಿ. ಅಕ್ಕನ ಪೆಟ್ಟಿಗೆಯ ತಳದಲ್ಲಿ ಸೀರೆಯೊಳಗೆ ಉಡುವ ಕರಿಯ ಪಾಪ್ಲಿನ್ನಿನ ಪರಕರಗಳಿವೆ. ನಾಚಿಕೆ ಪಡಬೇಡಿ, ಅವು ಒಗೆದು ಮಡಚಿದವು.

ಹೊಲಿದ ಅರ್ಧಕ್ಕೆ ಒಂದೇ ಉಪಾಯವಿದೆ. ಎಳೆಯುವುದನ್ನು ಬಿಟ್ಟು, ಬಟ್ಟೆಯನ್ನು ಬಿಗಿಯಾಗಿ ಹಿಡಿದು, ಎಳೆಗಳನ್ನು ಬುಡಕ್ಕೆ ಕತ್ತರಿಸುವುದು. ಅದು ನನಗೆ ಮೊದಲ ದಿನವೇ ಹೊಳೆದಿತ್ತು. ಆದರೆ ಕತ್ತರಿ ಮುಟ್ಟಿಸಬಾರದೆಂಬುದು ನಿಮ್ಮ ಮನೆತನದ ಪದ್ಧತಿ. ಅಕ್ಕ ನಿಮ್ಮ ಮನೆಗೆ ಬಂದ ಮೇಲೆ ಕಲಿತು ಜೀವವಿರುವವರೆಗೆ ನಡೆಸಿದ್ದು. ಹೊರಗಿನವಳಾದ ನಾನು ಅದನ್ನು ಮುರಿಯಲಾರೆ.

ನೆಪ ಹೇಳುವ ಅಭ್ಯಾಸ ನನಗಿಲ್ಲ.

ಸಕ್ಕುಬಾಯಿ

———

ಚಿಕ್ಕೋಡಿ
೨೨ ಜನವರಿ ೨೦೨೫

ಚಿ. ಸೌ. ಸಕ್ಕುಬಾಯಿಗೆ.

ನಿನ್ನ ಪತ್ರದ ಅಕ್ಷರ ನಿನ್ನದಾಗಿರಲಿಲ್ಲ. ಪತ್ರ ತಂದ ಭರತನನ್ನು ಕೇಳಿದೆ. ಅವನು ಚಹದ ಬಟ್ಟಲನ್ನು ನೋಡುತ್ತ, “ಅವ್ವನ ಬೆರಳ ಮಡಚಂಗಿಲ್ರಿ ದೊಡ್ಡಪ್ಪ. ದೀಪಾವಳಿಯಿಂದ ಹಂಗ ಅದಾವು. ರೊಟ್ಟಿ ಸೈತ ನನ್ನ ಹೆಂಡ್ತಿನ ಬಡೀತಾಳ. ನಿಮಗ ಹೇಳಬ್ಯಾಡ ಅಂದಿದ್ಳು,” ಎಂದ. ಆ ಬೆರಳುಗಳಿಂದ ನೀನು ಇಡೀ ಹಗಲು ಎಳೆ ಕಿತ್ತೆಯೆಂಬುದನ್ನು ನೆನೆದು ನನ್ನ ಹಿಂದಿನ ಪತ್ರದ ಕೊನೆಯ ಸಾಲುಗಳನ್ನು ಹೊಡೆದುಹಾಕಬೇಕೆನಿಸಿತು. ಆ ಪತ್ರ ನಿನ್ನ ಬಳಿಯಿದೆ. ನೀನೇ ಹೊಡೆದುಹಾಕು.

ಪರಕರ ಸಿಕ್ಕಿತು. ಉಳಿದ ಅರ್ಧವನ್ನು ಅದರ ಬಟ್ಟೆ ಕೊಟ್ಟು, ಅಲ್ಲಿಯ ನಾರಿನ ಹಾಸನ್ನು ಕೈಯಿಂದ ಹರಿದು ನಯವಾದ ಮೈ ಮೇಲೆ ಮಾಡಿ, ತೆಳುಸೂಜಿಯಿಂದ ಹೊಲಿದೆ. ಒಂದು ಎಳೆಯೂ ಹೊರಬಿದ್ದಿಲ್ಲ. ಚಂಪಾಳ ಕರಿಯ ಸೀರೆ ಕರಿದಾಗಿಯೇ ಇದೆ. ಈ ಅರ್ಧವನ್ನು ನೋಡಿದಷ್ಟೂ ಆ ಅರ್ಧ ಕಣ್ಣಿಗೆ ಚುಚ್ಚುತ್ತದೆ.

ಇನ್ನು ನೀನು ಬರೆದ ಆ ಮಾತು. ಅದನ್ನು ಓದಿ ಕುರ್ಚಿಯಿಂದ ಎದ್ದು ನಿಂತೆ. ನಮ್ಮ ಮನೆತನದ ಪದ್ಧತಿಯೇ? ನಮ್ಮ ಮನೆಯಲ್ಲಿ ನನ್ನ ತಾಯಿ ಕೌದಿಯನ್ನೇ ಹೊಲಿದವಳಲ್ಲ. ಮದುವೆಯಾದ ವರ್ಷದಿಂದಲೂ ಚಂಪಾ ಸೀರೆಯನ್ನು ಕೈಯಿಂದ ಹರಿಯುವುದನ್ನೂ ದಾರವನ್ನು ಹಲ್ಲಿನಿಂದ ಕಡಿಯುವುದನ್ನೂ ಕಂಡು, ಅದು ಜುಗೂಳದ ನಿಮ್ಮ ತವರಿನ ಪದ್ಧತಿ ಎಂದು ನಾನು ನಂಬಿದ್ದೆ. ನಿನ್ನ ಮನಸ್ಸಿಗೆ ನೋವಾಗಬಾರದೆಂದು ನಾನು ಕತ್ತರಿ ಮುಟ್ಟಲಿಲ್ಲ. ನನ್ನ ಮನಸ್ಸಿಗೆ ನೋವಾಗಬಾರದೆಂದು ನೀನು ಮುಟ್ಟಲಿಲ್ಲ. ಇಬ್ಬರೂ ಸೇರಿ ಮರ್ಯಾದೆಯಿಂದ ಕೌದಿಯನ್ನು ಕಿತ್ತು ಕಿತ್ತು ಈ ಸ್ಥಿತಿಗೆ ತಂದೆವು.

ಉಜ್ವಲಾಳಿಗೆ ಇದನ್ನು ಹೇಳಿದೆ. ಅವಳು ಸೊಪ್ಪು ಸೋಸುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು.

“ಅಯ್ಯ, ಅತ್ತಿ ಹರೀತಿದ್ದದ್ದು ಅರಿವಿ ನೆಟ್ಟಗ ಬರ್ಲಿ ಅಂತ್ರಿ. ಕತ್ತರಿ ಹಿಡದ್ರ ನನ್ನ ಕೈ ಸೊಟ್ಟ ಹೊಕ್ಕೈತಿ, ಹರದ್ರ ಅರಿವಿ ತಾನ ಎಳಿ ಹಿಡಕೊಂಡ ಹೊಕ್ಕೈತಿ ಅಂತಿದ್ರು.”

“ಇಷ್ಟು ದಿನ ಯಾಕ ಹೇಳಲಿಲ್ಲ?”

“ನೀವಿಬ್ರೂ ಕಾಗದಾ ಬರಕೋತ ಕುಂತ್ರಿ. ನನ್ನ ಯಾರ ಕೇಳಿದ್ರು? ಜಗ್ಗೂದ ಛಲೋ ಅಂತ ಜಗ್ಗಾಕತ್ತೀರಿ ಅಂತ ತಿಳಕೊಂಡೆ ನಾ.”

ಹಾಗಾದರೆ ಪದ್ಧತಿ ಎಂಬುದು ಇಲ್ಲವೇ ಇಲ್ಲ. ಸಂತೋಷಪಡಬೇಕಾದ ವಿಷಯ. ಕತ್ತರಿಯನ್ನು ತಂದು ಕೌದಿಯ ಪಕ್ಕದಲ್ಲಿಟ್ಟುಕೊಂಡು ಕುಳಿತೆ. ಇದೇ ಬಟ್ಟೆ, ಹೋದ ಸಲ ಒಂದು ಕೂಸಿಗೆಂದು ಹುಟ್ಟಿ ಅರ್ಧಕ್ಕೆ ನಿಂತದ್ದು. ಪಕ್ಕದ ಕೋಣೆಯಲ್ಲಿ ಮೇಘಾ ಮಗ್ಗುಲಾಗುವ ಸದ್ದು ಕೇಳಿಸಿತು. ಕತ್ತರಿಯನ್ನು ತಿರುಗಿ ಪೆಟ್ಟಿಗೆಯಲ್ಲಿಟ್ಟೆ. ನನ್ನ ಮೇಲೆ ನನಗೇ ಕೋಪ ಬಂದಿದೆ. ನಿನ್ನ ಅಭಿಪ್ರಾಯ ಬರೆ.

ಇತಿ,
ಮುರಗೆಪ್ಪ

———

ಜುಗೂಳ
೨೭ ಜನವರಿ ೨೦೨೫

ಪೂಜ್ಯ ದಾಜಿಯವರಿಗೆ ನಮಸ್ಕಾರಗಳು.

ಇದನ್ನು ನಾನೇ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ತಿದ್ದಬೇಡಿ. ಆ ಸಾಲುಗಳನ್ನು ಹೊಡೆದುಹಾಕಿದ್ದೇನೆ. ಹೊಡೆದ ಮೇಲೂ ಓದಲು ಬರುತ್ತವೆ.

ತವರಿನಲ್ಲಿದ್ದಾಗ ಅಕ್ಕ ನಮ್ಮ ಅವ್ವನ ಕತ್ತರಿಯನ್ನೇ ಬಳಸುತ್ತಿದ್ದಳು. ಮದುವೆಯಾದ ಮೇಲೆ ಜುಗೂಳಕ್ಕೆ ಬಂದಾಗಲೆಲ್ಲ ಸೀರೆಯ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟು, “ಹಿಡಿ ಬೇ ಗಟ್ಟಿ,” ಎಂದು ತಾನು ಆ ತುದಿಯಿಂದ ಹರಿಯುತ್ತಿದ್ದಳು. ಚರ್ರೆಂದು ಸದ್ದಾಗುತ್ತಿತ್ತು. ನಮಗಿಬ್ಬರಿಗೂ ನಗು ಬರುತ್ತಿತ್ತು. ಯಾಕೆ ಎಂದು ನಾನು ಕೇಳಲಿಲ್ಲ. ಗಂಡನ ಮನೆಯದ್ದು ಎಂದುಕೊಂಡೆ.

ಪದ್ಧತಿ ಇಲ್ಲವೆಂದು ತಿಳಿದದ್ದರಿಂದ ನನ್ನ ಧೈರ್ಯ ಹೆಚ್ಚಾಗಿಲ್ಲ. ಹೋದ ಸಲ ಆ ಸುದ್ದಿ ಬಂದಾಗ ನಾನು ನಿಮ್ಮ ಮನೆಯಲ್ಲೇ ಇದ್ದೆ. ಮೇಘಾ ಹೊಸ್ತಿಲ ಬಳಿ ಕುಳಿತಿದ್ದ ರೀತಿ ನನ್ನ ಕಣ್ಣಿನಿಂದ ಹೋಗಿಲ್ಲ. ಈಗ ಕತ್ತರಿ ಹಾಕಿ, ಮುಂದೆ ಏನಾದರೂ ಹೆಚ್ಚುಕಡಿಮೆಯಾದರೆ, ಹಾಕಿದ ಕೈಯನ್ನು ನಾನು ಏನು ಮಾಡಲಿ? ಆದ್ದರಿಂದ ನನ್ನನ್ನು ಕೇಳಬೇಡಿ. ನೀವು ಹಿರಿಯರು, ಕಲಿತವರು. ಹಾಕುವುದಾದರೆ ನೀವು ಹಾಕಿ. ಬಿಡುವುದಾದರೆ ಗಡ್ಡದ ಕೌದಿಯನ್ನೇ ಕೂಸಿಗೆ ಹೊದಿಸೋಣ. ಆದರೆ ಆ ಎಳೆಗಳು ಕೂಸಿನ ಮೂಗು ಬಾಯಿಗೆ ಹೋಗುತ್ತವಲ್ಲ ಎಂದು ಅದಕ್ಕೂ ಹೆದರಿಕೆ.

ಏನು ಮಾಡಿದರೂ ತಪ್ಪಾಗುವಂತೆ ಈ ಕೌದಿ ನಮ್ಮನ್ನು ಹಿಡಿದುಕೊಂಡಿದೆ.

ಸಕ್ಕುಬಾಯಿ

———

ಚಿಕ್ಕೋಡಿ
೪ ಫೆಬ್ರುವರಿ ೨೦೨೫

ಚಿ. ಸೌ. ಸಕ್ಕುಬಾಯಿಗೆ ಮುರಗೆಪ್ಪನ ಆಶೀರ್ವಾದಗಳು.

ಶನಿವಾರವೇ ಉಜ್ವಲಾ ಭರತನಿಗೆ ಸುದ್ದಿ ಮುಟ್ಟಿಸಿದ್ದಾಳೆ. ಆದರೆ ಅದಕ್ಕೂ ಮೊದಲು ನಡೆದದ್ದನ್ನು ನಾನೇ ಬರೆಯಬೇಕು.

ನಿನ್ನ ಪತ್ರ ಬಂದ ಮರುದಿನವೂ ನಾನು ಕಿಟಕಿಯ ಬಳಿ ಕುಳಿತು ಎಳೆಗಳನ್ನು ನೋಡುತ್ತಿದ್ದೆ. ಕೀಳುತ್ತಿರಲಿಲ್ಲ, ಕತ್ತರಿಸುತ್ತಲೂ ಇರಲಿಲ್ಲ. ಮೇಘಾ ಗೋಡೆ ಹಿಡಿದುಕೊಂಡು ಹೊರಗೆ ಬಂದಳು. ತಾಯಿ ಕುಪ್ಪಸದ ಬಟ್ಟೆಗೆ ಬಳಸುವ ಕತ್ತರಿ ಅವಳ ಕೈಯಲ್ಲಿತ್ತು. ಮಂಚದ ಮೇಲೆ ಕುಳಿತು ಕೌದಿಯನ್ನು ನನ್ನ ತೊಡೆಯಿಂದ ಎಳೆದುಕೊಂಡು ತನ್ನ ಹೊಟ್ಟೆಯ ಮೇಲೆಯೇ ಹರಡಿದಳು.

“ಬ್ಯಾಡವಾ,” ಎಂದೆ.

“ಯಾಕ ಬ್ಯಾಡ?”

ನಾನು ಕತ್ತರಿಗೆ ಕೈ ಚಾಚಿದೆ. ಅವಳು ಸಿಟ್ಟಿಗೇಳಲಿಲ್ಲ. ಮೆಲ್ಲಗೆ ಕೇಳಿದಳು.

“ಅಜ್ಜಾ, ಹೋದ ಸಲ ಇದಕ್ಕ ಯಾರೂ ಕತ್ತರಿ ಹಚ್ಚಿದ್ದಿಲ್ಲ. ಉಳೀತೇನು ಕೂಸ?”

ಸಕ್ಕುಬಾಯಿ, ನಾನು ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡೆ. ಮೂರು ವರ್ಷಗಳಿಂದ ಆ ಕೂಸಿನ ಮಾತನ್ನು ಅವಳೆದುರು ನಾವು ಯಾರೂ ಎತ್ತಿರಲಿಲ್ಲ. ಅವಳಿಗೆ ನೋವಾಗುತ್ತದೆಂದು ಬಿಟ್ಟಿದ್ದೆವು. ಅವಳು ನಮಗೆ ನೋವಾಗುತ್ತದೆಂದು ಬಿಟ್ಟಿದ್ದಳೋ ಏನೋ. ನಾನು ಕೇಳಲಿಲ್ಲ.

“ಆ ತುದಿ ಹಿಡೀರಿ ಗಟ್ಟಿ. ಸಡಲ ಬಿಟ್ರ ಅರಿವಿಗೆ ತಾಗತೈತಿ,” ಎಂದಳು. ನಾನು ಹಿಡಿದೆ. ಅವಳು ಕತ್ತರಿಯನ್ನು ಬಟ್ಟೆಗೆ ಅಡ್ಡವಾಗಿ ಮಲಗಿಸಿ ಎಳೆಗಳನ್ನು ಬುಡಕ್ಕೆ ಕತ್ತರಿಸುತ್ತ ಹೋದಳು. ಕತ್ತರಿಸಿದ ಎಳೆಯ ತುದಿ ಹಿಂದಕ್ಕೆ ಸರಿದು ಒಳಗೆ ಅಡಗಿಬಿಡುತ್ತಿತ್ತು. ಇಷ್ಟೇ ಕೆಲಸ. ಕಿಟಕಿಯ ಬಿಸಿಲು ಗೋಡೆಯಿಂದ ಇಳಿಯುವಷ್ಟರಲ್ಲಿ ಮುಗಿಯಿತು. ಉಜ್ವಲಾ ಬಂದು ನೋಡಿ, “ಕ್ಷೌರ ಆತೇನ್ರಿ ಮಾಮಾ?” ಎಂದು ನೆಲದ ಮೇಲಿನ ಬಿಳಿಯ ಎಳೆಗಳನ್ನು ಗುಡಿಸಿದಳು.

ಅದಾದ ಎರಡನೆಯ ದಿನ, ವೈದ್ಯೆ ಹೇಳಿದ ದಿನಕ್ಕೆ ಇನ್ನೂ ಸುಮಾರು ಎರಡು ವಾರವಿರುವಾಗಲೇ, ಮೇಘಾಳಿಗೆ ನೋವು ಆರಂಭವಾಯಿತು. ಆಸ್ಪತ್ರೆಯ ಬೆಂಚಿನ ಮೇಲೆ ನಾನು ಹೇಗೆ ಕುಳಿತಿದ್ದೆನೆಂಬುದನ್ನು ಬರೆಯುವುದಿಲ್ಲ. ನಿನಗೆ ಬರೆಯದೆಯೂ ತಿಳಿಯುತ್ತದೆ. ನನ್ನ ಬೆರಳುಗಳು ಇನ್ನೂ ಆ ತುದಿಯನ್ನು ಹಿಡಿದುಕೊಂಡೇ ಇದ್ದಂತೆ ಬಿಗಿದಿದ್ದವು. ಶುಶ್ರೂಷಕಿ ಬಂದು, “ಯಜಮಾನ್ರ, ಕೂಸಿಗೆ ಹೊಚ್ಚಾಕ ಏನರ ತಂದೀರೇನು?” ಎಂದು ಕೇಳಿದಾಗ, ಆ ಪ್ರಶ್ನೆಯ ಅರ್ಥ ನನ್ನ ತಲೆಗೆ ಹೋಗಲು ಹೊತ್ತು ಹಿಡಿಯಿತು. ಕೂಸು ಅತ್ತದ್ದು ಆಮೇಲೆ ಕೇಳಿಸಿತು.

ಹೆಣ್ಣು. ತೂಕ ಕಡಿಮೆ, ಗಂಟಲು ದೊಡ್ಡದು. ತಾಯಿ ಕ್ಷೇಮ. ನಯವಾದ ಅರ್ಧವನ್ನು ಮುಖದ ಕಡೆಗೆ ಮಾಡಿ ಹೊದಿಸಿದೆವು. ಮೇಘಾ ಕಣ್ಣು ಬಿಟ್ಟವಳೇ ಅದನ್ನು ತಿರುಗಿಸಿ, ತಾನು ಕತ್ತರಿಸಿದ ಅರ್ಧವನ್ನು ಮೇಲಕ್ಕೆ ತಂದಳು. ಬೆಳಕಿಗೆ ಹಿಡಿದರೆ ಅಲ್ಲಲ್ಲಿ ಇನ್ನೂ ಒಂದೆರಡು ಬಿಳಿಯ ಚುಕ್ಕೆ ಕಾಣುತ್ತವೆ. ನನಗೆ ಕಾಣುತ್ತವೆ. ಅವಳು ಇಲ್ಲವೆನ್ನುತ್ತಾಳೆ.

ಒಂದು ಮೂಲೆ ತೆರೆದೇ ಇದೆ. 'ನನ್ನ ಬೆರಳು ಮಡಚುವುದಿಲ್ಲ' ಎಂದು ಬರೆಯಬೇಡ. ಜೋಳವನ್ನು ನೀನು ಹಾಕು. ಸೂಜಿಯನ್ನು ನಾನು ಹಿಡಿಯುತ್ತೇನೆ. ಬರುವ ಮೊದಲು, ನನ್ನ ಪತ್ರಗಳಲ್ಲಿ ತಪ್ಪಾಗಿ ಬಿದ್ದ ದಿನಾಂಕಗಳನ್ನು ಕೆಳಗಿನಂತೆ ತಿದ್ದಿಕೋ.

ಇತಿ,
ಮುರಗೆಪ್ಪ

ಮೇಘಾಳ ಹೆರಿಗೆ: ಮಾರ್ಚ್ ೧೪ ಎಂದೂ ಆಮೇಲೆ ಫೆಬ್ರುವರಿ ೧೪ ಎಂದೂ ಬರೆದಿದ್ದೆ. ಎರಡೂ ತಪ್ಪು. ಫೆಬ್ರುವರಿ ೧, ಶನಿವಾರ, ಮಧ್ಯಾಹ್ನ.

ತೊಟ್ಟಿಲು: ಮಾರ್ಚ್ ೨೬ ಅಲ್ಲ, ಫೆಬ್ರುವರಿ ೨೬ ಅಲ್ಲ. ಫೆಬ್ರುವರಿ ೧೩, ಗುರುವಾರ. ಹಿಂದಿನ ದಿನವೇ ಬಾ.

ಕೌದಿ ಮುಗಿಯುವುದು: ಜನವರಿ ೧೦ ಎಂದಿದ್ದೆ. ಅದೇ ಫೆಬ್ರುವರಿ ೧೩, ನೀನು ಜೋಳ ಹಾಕಿದ ಮೇಲೆ.

ಕೌದಿಗೆ ಕತ್ತರಿ: ‘ಎಂದೆಂದಿಗೂ ಇಲ್ಲ’ ಎಂದು ಬರೆದಿದ್ದೆ. ಜನವರಿ ೩೦, ಗುರುವಾರ. ಒಂದು ತುದಿಯನ್ನು ಹಿಡಿದವನು ನಾನು.